ಕ್ಯಾನಿನ ತಳದ ತಾರೀಖು, ನಾಲಿಗೆಯ ಮೇಲಿನ ಕಹಿ

ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂ) ಜಾಸ್ತಿ ಹಾಕಿದ, ಪೇಲ್ ಏಲ್ ಎಂಬ ತಿಳಿ ಬಣ್ಣದ ಬಿಯರಿನ ಕ್ಯಾನ್ ಕೈಗೆ ಬಂದರೆ ನಾನು ಮೊದಲು ಅದನ್ನು ತಲೆಕೆಳಗೆ ಮಾಡಿ ತಳ ನೋಡುತ್ತೇನೆ. ಮುಂಭಾಗದ ಚಿತ್ರ ಆಮೇಲೆ. ಆಲ್ಕೋಹಾಲ್ ಶೇಕಡಾ ಎಷ್ಟು ಅನ್ನೋದೂ ಆಮೇಲೆ. ತಳದಲ್ಲಿ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ತಯಾರಾದ ತಾರೀಖು ಇರುತ್ತದೆ. ಕೆಲವು ಸಲ ಐಸ್ ನೀರಿನಲ್ಲಿ ಉಜ್ಜಿ ಅರ್ಧ ಅಳಿಸಿ ಹೋಗಿರುತ್ತದೆ, ಮೊಬೈಲ್ ಟಾರ್ಚ್ ಹಿಡಿದು ಓದಬೇಕಾಗುತ್ತದೆ. ಆದರೂ ಓದಲೇಬೇಕು. ಆ ಒಂದು ತಾರೀಖು ಹೇಳುವಷ್ಟು ವಿಷಯವನ್ನು ಕ್ಯಾನಿನ ಮೇಲಿರುವ ಬೇರೆ ಯಾವ ಬರಹವೂ ಹೇಳುವುದಿಲ್ಲ.

ಕಾಫಿ ತೋಟದ ನಡುವೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಫಿ ಕೊಳ್ಳಲು ಬಂದವರು ಕೇಳುವ ಮೊದಲ ಪ್ರಶ್ನೆ ಏನು? ಈ ಸಲದ್ದಾ, ಹೋದ ವರ್ಷದ್ದಾ? ಗೋಡೌನಿನಲ್ಲಿ ಒಂದು ಮಳೆಗಾಲ ಕಳೆದ ಬೀಜ ಬಿಳಿಚಿಕೊಂಡಿರುತ್ತದೆ. ಹುರಿದು ಕುಡಿದರೆ ಒಣ ಹುಲ್ಲಿನ ವಾಸನೆ, ಹಳೇ ಮರದ ರುಚಿ. ಕಹಿ ಮಾತ್ರ ಹಾಗೇ ಉಳಿದಿರುತ್ತದೆ, ಅದರ ಜೊತೆ ಇರಬೇಕಾದ ಪರಿಮಳ ಹೋಗಿರುತ್ತದೆ. ಹಾಪ್ಸ್ ಬಿಯರ್‌ಗೂ ಆಗುವುದು ಇದೇ, ಇನ್ನೂ ಬೇಗ ಆಗುತ್ತದೆ. ಕಾಫಿಯಲ್ಲಾದರೂ ಮಾನ್ಸೂನ್ಡ್ ಮಲಬಾರ್ ಅಂತ ಒಂದಿದೆ, ಬೀಜವನ್ನು ಬೇಕೆಂದೇ ಕರಾವಳಿಯ ಮಳೆಗಾಳಿಗೆ ಒಡ್ಡಿ ಬೇರೆ ರುಚಿ ಬರಿಸುತ್ತಾರೆ. ಹಾಪ್ಸ್ ಪರಿಮಳಕ್ಕೆ ಅಂಥ ದಾರಿ ಇಲ್ಲ. ಕ್ಯಾನ್ ಮುಚ್ಚಿದ ದಿನ ಅದು ಎಷ್ಟಿತ್ತೋ ಅಷ್ಟೇ, ಅಲ್ಲಿಂದ ಮುಂದೆ ಕಡಿಮೆಯಾಗುತ್ತಾ ಹೋಗುತ್ತದೆ.

ನಮ್ಮದು ಕೊಡಗಿನ ಸುಂಟಿಕೊಪ್ಪ ಕಡೆ ಚಿಕ್ಕ ತೋಟ. ರೊಬಸ್ಟಾ ಜಾಸ್ತಿ, ಸ್ವಲ್ಪ ಅರೇಬಿಕಾ, ಮರಗಳಿಗೆ ಹಬ್ಬಿದ ಕರಿಮೆಣಸು. ರುಚಿ ನೋಡುವುದನ್ನು ನಾನು ಕಲಿತದ್ದು ಪಕ್ಕದ ತೋಟದ ಮಾವನಿಂದ. ಅವರು ಬಹಳ ವರ್ಷ ಕಾಫಿ ಬೀಜ ಸಂಸ್ಕರಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಪ್ ಟೇಸ್ಟರ್ ಆಗಿದ್ದರು. ಕಪ್ಪಿಂಗ್, ಅಂದರೆ ಕಾಫಿಯ ರುಚಿ ಪರೀಕ್ಷೆ ಮಾಡುವ ಕ್ರಮ ಅವರ ಕೈಗೆ ಅಂಟಿಕೊಂಡಿದೆ. 150 ಮಿಲಿ ನೀರಿಗೆ 8.25 ಗ್ರಾಂ ತರಿ ಪುಡಿ, ಕುದಿ ಇಳಿದ ನೀರು, ನಾಲ್ಕು ನಿಮಿಷ ಕಾಯುವುದು. ಆಮೇಲೆ ಮೇಲೆ ಕಟ್ಟಿದ ಪುಡಿಯ ಪದರವನ್ನು ಚಮಚದ ಬೆನ್ನಿನಿಂದ ಒಡೆದು, ಮೂಗನ್ನು ಬಟ್ಟಲಿಗೇ ಹಚ್ಚಿ ಉಸಿರು ಎಳೆದುಕೊಳ್ಳುವುದು. ಹಾಪ್ಸ್ ಬಿಯರ್ ಬಗ್ಗೆ ನಾನು ಇಲ್ಲಿ ಬರೆಯುತ್ತಿರುವುದೆಲ್ಲ ಆ ಚಮಚದ ಪಾಠದಿಂದಲೇ ಬಂದದ್ದು.

ನಮ್ಮ ಕಡೆ ಬಿಯರ್ ಮಾತು ಬಂದರೆ ಸಾಮಾನ್ಯವಾಗಿ ಎರಡೇ ಪ್ರಶ್ನೆ. ಸ್ಟ್ರಾಂಗಾ? ಕೂಲಾ? ಈ ಎರಡು ಪ್ರಶ್ನೆ ಇಟ್ಟುಕೊಂಡು ಪೇಲ್ ಏಲ್ ಹತ್ತಿರ ಹೋದರೆ ಏನೂ ಸಿಗುವುದಿಲ್ಲ. ಅದು ತೀರಾ ಸ್ಟ್ರಾಂಗ್ ಅಲ್ಲ, ತೀರಾ ತಣ್ಣಗೆ ಕುಡಿದರೆ ಅದರ ಪರಿಮಳ ಏಳುವುದೇ ಇಲ್ಲ. ಬೆಂಗಳೂರಿನಿಂದ ಹಬ್ಬಕ್ಕೆ ಬರುವ ಹುಡುಗ ಹುಡುಗಿಯರು ಐಸ್ ಬಾಕ್ಸಿನಲ್ಲಿ ಇಂಥ ಕ್ಯಾನ್ ತರುತ್ತಾರೆ, ಹೋಂಸ್ಟೇಗಳಲ್ಲಿ ಬಂದವರು ಬಿಟ್ಟು ಹೋಗುತ್ತಾರೆ. ಮನೆಯ ಹಿರಿಯರು ಒಂದು ಗುಟುಕು ಕುಡಿದು "ಇದೆಂಥ ಕಷಾಯ" ಅಂತ ಪಕ್ಕಕ್ಕೆ ಇಡುತ್ತಾರೆ. ನನಗೆ ಅದು ಬೇಜಾರು. ಕಹಿಯ ಜೊತೆ ಇಷ್ಟು ವರ್ಷದ ನಂಟಿರುವ ಊರು ನಮ್ಮದು. ಹಾಲು ಹಾಕದ ಬೆಲ್ಲದ ಕಾಫಿ ಕುಡಿಯುತ್ತೇವೆ, ಕೈಪುಳಿ ಎಂಬ ಕಹಿ ಕಿತ್ತಳೆಯನ್ನು ಪಜ್ಜಿ ಮಾಡಿ ತಿನ್ನುತ್ತೇವೆ. ಈ ಕಹಿಯನ್ನು ಕೂತು ನೋಡುವುದಕ್ಕೆ ನಮಗಿಂತ ಯೋಗ್ಯರು ಯಾರು?

ಮೊದಲು ಹಾಪ್ಸ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಅದೊಂದು ಬಳ್ಳಿಯ ಹೆಣ್ಣು ಹೂ. ಹಸಿರು, ಪದರ ಪದರ. ಎಸಳು ಬಿಡಿಸಿದರೆ ಬುಡದಲ್ಲಿ ಅಂಟಂಟಾದ ಹಳದಿ ಪುಡಿ ಕಾಣುತ್ತದೆ, ಅದಕ್ಕೆ ಲುಪುಲಿನ್ ಅನ್ನುತ್ತಾರೆ. ಬ್ರೂವರಿಗೆ ಬೇಕಾದದ್ದೆಲ್ಲ ಅದರಲ್ಲೇ ಇದೆ. ಒಂದು, ಆಲ್ಫಾ ಆಮ್ಲಗಳು. ಇನ್ನೊಂದು, ಪರಿಮಳದ ಎಣ್ಣೆ. ಕುದಿಯುವ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ರಸಕ್ಕೆ ಹಾಪ್ಸ್ ಹಾಕಿ ಒಂದು ಗಂಟೆ ಹೊತ್ತು ಕುದಿಸಿದರೆ ಆಲ್ಫಾ ಆಮ್ಲಗಳು ರೂಪ ಬದಲಿಸಿ ಐಸೋ ಆಲ್ಫಾ ಆಮ್ಲಗಳಾಗುತ್ತವೆ. ಬಿಯರಿನ ಕಹಿ ಬರುವುದು ಇವುಗಳಿಂದ. ನೊರೆ ಗಟ್ಟಿಯಾಗಿ ನಿಲ್ಲುವುದಕ್ಕೂ ಇವೇ ಸಹಾಯ ಮಾಡುತ್ತವೆ. ಆದರೆ ಅಷ್ಟು ಹೊತ್ತು ಕುದಿಸಿದರೆ ಎಣ್ಣೆ ಆವಿಯ ಜೊತೆ ಹಾರಿಹೋಗುತ್ತದೆ. ಅದಕ್ಕೇ ಕಹಿಗೆ ಬೇಕಾದ ಹಾಪ್ಸ್ ಮೊದಲೇ ಹಾಕುತ್ತಾರೆ, ಪರಿಮಳಕ್ಕೆ ಬೇಕಾದದ್ದನ್ನು ಕುದಿ ಮುಗಿಯುವ ಹೊತ್ತಿಗೆ ಹಾಕುತ್ತಾರೆ. ಅದೂ ಸಾಲದು ಅನ್ನುವವರು ಹುದುಗಿದ ಬಿಯರ್ ತೊಟ್ಟಿಗೇ ಹಾಪ್ಸ್ ಸುರಿದು ಕೆಲವು ದಿನ ಬಿಡುತ್ತಾರೆ, ಇದಕ್ಕೆ ಡ್ರೈ ಹಾಪಿಂಗ್ ಅಂತ ಹೆಸರು. ಕ್ಯಾನ್ ತೆಗೆದ ತಕ್ಷಣ ಮುಖಕ್ಕೆ ಬರುವ ವಾಸನೆ ಬಹುಪಾಲು ಈ ಕೊನೆಯ ಹಂತದ್ದು. ಬೇಗ ಹೋಗುವುದೂ ಅದೇ.

ಆ ಎಣ್ಣೆಯಲ್ಲಿ ಏನೇನಿದೆ ಅಂತ ನೋಡಿದರೆ ನನಗಂತೂ ಖುಷಿಯಾಯಿತು. ಕ್ಯಾರಿಯೋಫಿಲೀನ್ ಇದೆ, ಅದು ನಮ್ಮ ಕರಿಮೆಣಸಿನಲ್ಲೂ ಇರುವುದೇ. ಮಿರ್ಸೀನ್ ಇದೆ, ಅದು ಮಾವಿನ ಹಣ್ಣಿನಲ್ಲೂ ಸಿಗುತ್ತದೆ. ಲಿನಲೂಲ್ ಇದೆ, ಕೊತ್ತಂಬರಿ ಬೀಜದ ಘಮ ಬಹಳ ಮಟ್ಟಿಗೆ ಅದರದ್ದೇ. ಮಾರ್ಚ್ ತಿಂಗಳಲ್ಲಿ ಕಣದ ತುಂಬ ಮೆಣಸು ಹರಡಿರುವಾಗ ಅದರ ಮೇಲೆ ಕಾಲಾಡಿಸುತ್ತಾ ಬೆಳೆದ ಮೂಗಿಗೆ ಹಾಪ್ಸ್ ಪರಕೀಯ ಅಲ್ಲವೇ ಅಲ್ಲ. ಬಳ್ಳಿ ಮಾತ್ರ ಇಲ್ಲಿ ಬರುವುದಿಲ್ಲ. ಅದಕ್ಕೆ ಚಳಿಗಾಲದಲ್ಲಿ ಗಟ್ಟಿ ಚಳಿಯ ನಿದ್ದೆ ಬೇಕು, ಬೇಸಿಗೆಯಲ್ಲಿ ಬಹಳ ಉದ್ದದ ಹಗಲು ಬೇಕು. ನಮ್ಮದು 12 ಡಿಗ್ರಿ ಅಕ್ಷಾಂಶದ ಊರು, ವರ್ಷವಿಡೀ ಹಗಲು ಹೆಚ್ಚು ಕಡಿಮೆ ಒಂದೇ ಅಳತೆ. ಭಾರತದಲ್ಲಿ ಹಾಪ್ಸ್ ಬೆಳೆದಿರುವುದು ಮುಖ್ಯವಾಗಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ.

ಇತಿಹಾಸವನ್ನು ಬೇಗ ಹೇಳಿ ಮುಗಿಸುತ್ತೇನೆ. ಇಂಗ್ಲೆಂಡಿನಿಂದ ಭಾರತಕ್ಕೆ ಬರುತ್ತಿದ್ದ ಹಡಗುಗಳಲ್ಲಿ ಪೇಲ್ ಏಲ್ ಪೀಪಾಯಿಗಳು ಬರುತ್ತಿದ್ದದ್ದು ನಿಜ. ಲಂಡನ್ನಿನ ಬೋ ಎಂಬಲ್ಲಿ ಹಾಡ್ಜ್‌ಸನ್ ಅವರ ಬ್ರೂವರಿ ಆ ವ್ಯಾಪಾರಕ್ಕೆ ಹೆಸರಾಗಿತ್ತು, 1820ರ ದಶಕದಲ್ಲಿ ಬರ್ಟನ್ ಊರಿನವರು ಬಂದು ಪೈಪೋಟಿ ಕೊಟ್ಟರು. ಸಮುದ್ರಯಾನಕ್ಕೆಂದೇ ಈ ಬಿಯರ್ ಹುಟ್ಟಿತು ಅನ್ನುವ ಕಥೆ ಮಾತ್ರ ಉತ್ಪ್ರೇಕ್ಷೆ. ಅದೇ ಹಡಗುಗಳಲ್ಲಿ ಪೋರ್ಟರ್ ಎಂಬ ಕಪ್ಪು ಬಿಯರ್ ಕೂಡ ಬರುತ್ತಿತ್ತು. ಇವತ್ತು ನಾವು ಕ್ಯಾನಿನಲ್ಲಿ ಕುಡಿಯುವ ಹಾಪ್ಸ್ ಪೇಲ್ ಏಲ್‌ಗೆ ನೇರ ಹಿರಿಯ ಅಮೆರಿಕದ್ದು. 1972ರಲ್ಲಿ ಒರೆಗಾನ್‌ನಿಂದ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿ ಬಿಡುಗಡೆಯಾಯಿತು, ಚಕ್ಕೋತದ ಸಿಪ್ಪೆಯ ಘಮ ಅದಕ್ಕೆ. 1980ರಲ್ಲಿ ಕ್ಯಾಲಿಫೋರ್ನಿಯಾದ ಚಿಕೋ ಊರಿನಲ್ಲಿ ಸಿಯೆರಾ ನೆವಾಡಾ ಬ್ರೂವರಿ ಆ ಹಾಪ್ಸ್ ಹಾಕಿ ತನ್ನ ಪೇಲ್ ಏಲ್ ಮಾಡಿತು. ಶೇ 5.6 ಆಲ್ಕೋಹಾಲ್, 38 ಐಬಿಯು ಕಹಿ. ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ ಐಸೋ ಆಲ್ಫಾ ಆಮ್ಲ ಇದ್ದರೆ ಒಂದು ಐಬಿಯು ಅಂತ ಲೆಕ್ಕ. ಅಂದಹಾಗೆ ನಮ್ಮ ದೇಶದ ಆಹಾರ ಪ್ರಾಧಿಕಾರದ ನಿಯಮದಲ್ಲಿ ಶೇ 5 ದಾಟಿದ್ದೆಲ್ಲ ಸ್ಟ್ರಾಂಗ್ ಬಿಯರ್. ಹಾಗಾಗಿ ಅಲ್ಲಿ ಸಾಧಾರಣ ಅನ್ನಿಸಿಕೊಳ್ಳುವ ಪೇಲ್ ಏಲ್ ಇಲ್ಲಿ ಸ್ಟ್ರಾಂಗ್ ಸಾಲಿಗೆ ಹೋಗುತ್ತದೆ.

ಕ್ಯಾನಿನ ವಿಷಯ. ಬಿಯರನ್ನು ಕ್ಯಾನಿನಲ್ಲಿ ಮಾರಿದ್ದು ಮೊದಲು 1935ರ ಜನವರಿಯಲ್ಲಿ, ಅಮೆರಿಕದ ರಿಚ್ಮಂಡ್‌ನಲ್ಲಿ. ಆದರೂ ಚಿಕ್ಕ ಬ್ರೂವರಿಗಳು ಬಹಳ ಕಾಲ ಬಾಟಲನ್ನೇ ಹಿಡಿದುಕೊಂಡಿದ್ದವು, ಕ್ಯಾನ್ ಅಂದರೆ ಅಗ್ಗದ್ದು ಅನ್ನುವ ಭಾವನೆ ಇತ್ತು. 2002ರಲ್ಲಿ ಕೊಲರಾಡೋದ ಆಸ್ಕರ್ ಬ್ಲೂಸ್ ತನ್ನ ಪೇಲ್ ಏಲ್ ಅನ್ನು ಕ್ಯಾನಿಗೆ ತುಂಬಿದ ಮೇಲೆ ಆ ಭಾವನೆ ನಿಧಾನಕ್ಕೆ ಬದಲಾಯಿತು. ಹಾಪ್ಸ್ ಬಿಯರ್‌ಗೆ ಕ್ಯಾನೇ ಸರಿ ಅಂತ ನನ್ನ ಖಚಿತ ಅಭಿಪ್ರಾಯ. ಬೆಳಕು ತಾಗಿದರೆ ಐಸೋ ಆಲ್ಫಾ ಆಮ್ಲ ಒಡೆದು ಒಂದು ಗಂಧಕದ ಸಂಯುಕ್ತ ಹುಟ್ಟುತ್ತದೆ, ಅದು ಕೆಟ್ಟ ನಾತ. ಹಸಿರು ಬಾಟಲಿನ ಬಿಯರನ್ನು ಬಿಸಿಲಿಗಿಟ್ಟು ಕುಡಿದವರಿಗೆ ಅದು ಗೊತ್ತು. ಅಲ್ಯೂಮಿನಿಯಂ ಗೋಡೆಯೊಳಗೆ ಬೆಳಕು ಹೋಗುವುದೇ ಇಲ್ಲ.

ಶಾಖ ಹೋಗುತ್ತದೆ. ನನ್ನ ತಕರಾರು ಇರುವುದು ಇಲ್ಲೇ. ಬಿಯರ್ ವ್ಯಾಪಾರದವರಲ್ಲಿ 3-30-300 ಅಂತ ಒಂದು ಅಂದಾಜು ಲೆಕ್ಕ ಇದೆ. 32 ಡಿಗ್ರಿಯಲ್ಲಿ ಮೂರು ದಿನ ಇಟ್ಟರೆ ಆಗುವ ಹಾನಿ, 22 ಡಿಗ್ರಿಯಲ್ಲಿ 30 ದಿನ ಇಟ್ಟರೆ ಆಗುವಷ್ಟು, ಫ್ರಿಜ್ಜಿನ ಮೂರು ಡಿಗ್ರಿಯಲ್ಲಿ 300 ದಿನ ಇಟ್ಟರೆ ಆಗುವಷ್ಟು. ಈಗ ಯೋಚನೆ ಮಾಡಿ. ಬ್ರೂವರಿಯಿಂದ ಡಿಪೋ, ಡಿಪೋದಿಂದ ಲಾರಿ, ಏಪ್ರಿಲ್ ಬಿಸಿಲಿನಲ್ಲಿ ಮೈಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರ, ಅಲ್ಲಿಂದ ಮೇಲೆ. ನಮ್ಮ ಹತ್ತಿರದ ಪೇಟೆಯ ಒಂದು ಅಂಗಡಿಯಲ್ಲಿ ಇಂಥ ಕ್ಯಾನ್‌ಗಳನ್ನು ಮಧ್ಯಾಹ್ನದ ಬಿಸಿಲು ಬೀಳುವ ಶಟರ್ ಪಕ್ಕದಲ್ಲೇ ಜೋಡಿಸಿಟ್ಟಿರುತ್ತಾರೆ. ಕೇಳಿದರೆ ಫ್ರಿಜ್ಜಿನಲ್ಲಿ ಇಟ್ಟು ಕೊಡುತ್ತೇವಲ್ಲ ಅನ್ನುತ್ತಾರೆ. ಕೊಡುವ ದಿನ ತಣ್ಣಗೆ ಮಾಡಿದರೆ ಏನು ಬಂತು? ಕೆಟ್ಟದ್ದು ಕೆಟ್ಟಾಗಿದೆ. ಡೇಟ್ ಮುಗಿಯುವ ಮೊದಲೇ ಕೆಡುವ ಬಿಯರ್ ಇದು, ಅದನ್ನು ಮಾರುವವರೂ ಕುಡಿಯುವವರೂ ತಿಳಿದುಕೊಳ್ಳಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಕೈಲ್ ಮುಹೂರ್ತ ಹಬ್ಬ ಕಳೆದ ಮೇಲಿನ ಒಂದು ಸಂಜೆ ಇದನ್ನೇ ಪರೀಕ್ಷೆ ಮಾಡಿದೆವು. ಒಂದೇ ಬ್ರೂವರಿಯ, ಒಂದೇ ಬ್ಯಾಚಿನ ಎರಡು ಕ್ಯಾನ್. ಡ್ರೈ ಹಾಪಿಂಗ್ ಮಾಡಿದ್ದು, ಸಿಟ್ರಾ ಮತ್ತು ಮೊಸಾಯಿಕ್ ಹಾಪ್ಸ್ ಅಂತ ಮೇಲೆ ಬರೆದಿತ್ತು, ಆಲ್ಕೋಹಾಲ್ ಶೇ 5. ಒಂದು, ನನ್ನ ತಮ್ಮ ಬೆಂಗಳೂರಿನಿಂದ ಐಸ್ ಬಾಕ್ಸಿನಲ್ಲಿ ತಂದು ನೇರ ನಮ್ಮ ಫ್ರಿಜ್ಜಿಗೆ ಇಟ್ಟದ್ದು. ಇನ್ನೊಂದು, ಆ ಶಟರ್ ಪಕ್ಕದ್ದು. ಹೆಸರು ಹೇಳುವುದಿಲ್ಲ, ಯಾಕೆಂದರೆ ಇಲ್ಲಿ ನಾನು ನೋಡುತ್ತಿದ್ದದ್ದು ಒಂದು ಕಂಪನಿಯನ್ನಲ್ಲ.

ತಯಾರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಮಳೆಗಾಲದ ಕೊಡಗಿನಲ್ಲಿ ಬೀರುವಿನೊಳಗಿನ ಗ್ಲಾಸಿಗೂ ಬೂಷ್ಟಿನ ವಾಸನೆ ಹಿಡಿದಿರುತ್ತದೆ. ಬರಿ ಗ್ಲಾಸನ್ನೇ ಮೂಸಿ ನೋಡಿ, ಗೊತ್ತಾಗುತ್ತದೆ. ಬಿಸಿ ನೀರಿನಲ್ಲಿ ತೊಳೆದು, ತಣ್ಣೀರಿನಲ್ಲಿ ಜಾಲಾಡಿಸಿ, ಬಟ್ಟೆಯಲ್ಲಿ ಒರೆಸದೆ ಹಾಗೇ ಮಗುಚಿ ಒಣಗಿಸಿದೆ. ಸೋಪಿನ ಪಸೆ, ಎಣ್ಣೆಯ ಪಸೆ ಉಳಿದರೆ ನೊರೆ ನಿಲ್ಲುವುದಿಲ್ಲ. ಅಡುಗೆ ಮನೆಯಲ್ಲಿ ಹಂದಿ ಮಾಂಸ ಬೇಯುತ್ತಿತ್ತು, ಒಲೆಯ ಹೊಗೆ ಬೇರೆ. ಹಾಗಾಗಿ ನಾವು ಜಗುಲಿಯ ತುದಿಗೆ ಹೋದೆವು. ಕ್ಯಾನ್‌ಗಳನ್ನು ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟೆವು, ಏಳರಿಂದ ಹತ್ತು ಡಿಗ್ರಿಗೆ ಬಂದರೆ ಪರಿಮಳ ಬಿಟ್ಟುಕೊಳ್ಳುತ್ತದೆ. ನಾಲಿಗೆ ತೊಳೆಯಲು ನೀರು, ಏನೂ ಹಚ್ಚದ ಅಕ್ಕಿ ರೊಟ್ಟಿಯ ಚೂರು.

ಮೊದಲು ತ್ರಿಕೋನ ಪರೀಕ್ಷೆ. ಕಾಫಿಯಲ್ಲೂ ಇದನ್ನು ಮಾಡುತ್ತಾರೆ. ಮೂರು ಗ್ಲಾಸ್, ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಯಾವುದು ಬೇರೆ ಅಂತ ಹೇಳಬೇಕು. ಸುಮ್ನೆ ಊಹೆ ಮಾಡಿದರೂ ಮೂರರಲ್ಲಿ ಒಂದು ಸಲ ಸರಿಯಾಗಬಹುದು, ಅದಕ್ಕೇ ಗ್ಲಾಸ್ ಜಾಗ ಬದಲಿಸಿ ಮತ್ತೆ ಮತ್ತೆ ಮಾಡಬೇಕು. ತಮ್ಮ ಒಳಗೆ ಹಾಕಿ ತಂದಿಟ್ಟ. ಮಾವ ತಮ್ಮ ಹಳೇ ಕಪ್ಪಿಂಗ್ ಚಮಚ ತಂದಿದ್ದರು. ನೊರೆಯ ಕೆಳಗೆ ಚಮಚ ಇಳಿಸಿ, ತುಂಬ ತೆಗೆದು, ಸರ್ ಅಂತ ಜೋರಾಗಿ ಎಳೆದುಕೊಂಡರು. ಎರಡನೇ ಗ್ಲಾಸಿಗೆ ಹೋದಾಗ ಚಮಚ ಬಾಯಿಗೆ ಹೋಗುವ ಮೊದಲೇ ಕೈ ನಿಂತಿತು.

"ಇದು ಬೇರೆ ಉಂಟು. ನೆನೆದ ರಟ್ಟಿನ ಪೆಟ್ಟಿಗೆ."

"ಇನ್ನೊಂದು ಸಲ ನೋಡಿ ಮಾವ."

"ಎಂಥ ಇನ್ನೊಂದು ಸಲ ಮಾರಾಯ್ತಿ, ಮೂಗಿಗೇ ಬಂತಲ್ಲ."

ಜಾಗ ಬದಲಿಸಿ ಕೊಟ್ಟಾಗಲೂ ಅದನ್ನೇ ಹಿಡಿದರು, ನಾನೂ ಹಿಡಿದೆ. ನೆನೆದ ರಟ್ಟಿನ ವಾಸನೆ ಅಂತ ಮಾವ ಹೇಳಿದರಲ್ಲ, ಬಿಯರ್ ಪರೀಕ್ಷೆಯವರು ಹೇಳುವುದೂ ಅದನ್ನೇ. ಆಮ್ಲಜನಕ ಮತ್ತು ಶಾಖ ಸೇರಿ ಹಳಸಿದ ಬಿಯರ್ ಹೀಗೆ ನಾರುತ್ತದೆ. ಮಾವ ಈ ವಿಷಯ ಎಲ್ಲೂ ಓದಿದವರಲ್ಲ, ಬಿಯರ್ ಕುಡಿಯುವವರೂ ಅಲ್ಲ. ಅಷ್ಟು ವರ್ಷ ಹಳೇ ಕಾಫಿಯನ್ನು ಹೊಸ ಕಾಫಿಯಿಂದ ಬೇರೆ ಮಾಡಿದ ಮೂಗು ಅದು.

ಆಮೇಲೆ ತಣ್ಣಗಿಟ್ಟಿದ್ದ ಕ್ಯಾನಿನ ಬಿಯರನ್ನು ನಿಧಾನವಾಗಿ ನೋಡಿದೆವು. ಗ್ಲಾಸ್ ಓರೆ ಹಿಡಿದು ಅರ್ಧ ತುಂಬಿದ ಮೇಲೆ ನೆಟ್ಟಗೆ ಮಾಡಿ ಸುರಿದರೆ ಎರಡು ಬೆರಳು ಬಿಳಿ ನೊರೆ. ಬಣ್ಣ ಕಾಡು ಜೇನಿಗಿಂತ ತಿಳಿ, ಹೊಂಬಣ್ಣ, ಸ್ವಲ್ಪ ಮಸುಕು. ಡ್ರೈ ಹಾಪಿಂಗ್ ಮಾಡಿದ ಬಿಯರ್ ಮಸುಕಾಗಿದ್ದರೆ ದೋಷ ಅಲ್ಲ. ಒಂದೊಂದು ಗುಟುಕಿಗೂ ನೊರೆ ಇಳಿಯುತ್ತಾ ಗಾಜಿನ ಒಳಗೋಡೆಗೆ ಬಲೆಯ ಹಾಗೆ ಅಂಟಿಕೊಂಡು ಉಳಿಯಿತು, ಆ ಗೆರೆಗಳನ್ನು ಎಣಿಸಿದರೆ ಎಷ್ಟು ಗುಟುಕು ಕುಡಿದೆವು ಅಂತ ಹೇಳಬಹುದಿತ್ತು. ಮಾಲ್ಟಿನ ಪ್ರೋಟೀನ್ ಮತ್ತು ಹಾಪ್ಸಿನ ಕಹಿ ಸೇರಿದರೆ ಮಾತ್ರ ನೊರೆ ಹೀಗೆ ಹಿಡಿಯುತ್ತದೆ.

ವಾಸನೆಗೆ ಮೂರು ಸಲ ಮೂಗಿಟ್ಟೆ. ಮೊದಲ ಸಲ ಚಕ್ಕೋತದ ಸಿಪ್ಪೆ, ಅದೂ ಉಗುರು ಊರಿದಾಗ ಚಿಮ್ಮುವ ಎಣ್ಣೆ. ಎರಡನೇ ಸಲ ಮಾವಿನಕಾಯಿಯ ಸೊನೆ. ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಬೆಚ್ಚಗೆ ಮಾಡಿದ ಮೇಲೆ ಹಸಿ ಕರಿಮೆಣಸಿನ ಗೊಂಚಲು ಜಜ್ಜಿದ ಘಾಟು, ಅದರ ಹಿಂದೆ ಬಹಳ ತೆಳ್ಳಗೆ ಬ್ರೆಡ್ಡಿನ ಅಂಚಿನ ವಾಸನೆ. ಆ ಬ್ರೆಡ್ಡಿನ ವಾಸನೆ ಮಾಲ್ಟಿನದು, ನನಗೆ ಅದು ಇನ್ನೂ ಬೇಕಿತ್ತು. ಬೆಣ್ಣೆಯ ವಾಸನೆ ಇರಲಿಲ್ಲ, ಬೇಯಿಸಿದ ಜೋಳದ ವಾಸನೆ ಇರಲಿಲ್ಲ, ಹಸಿರು ಸೇಬಿನ ವಾಸನೆ ಇರಲಿಲ್ಲ. ಇವು ಮೂರೂ ಕೆಲಸ ಕೆಟ್ಟದ್ದರ ಗುರುತು.

ಇಲ್ಲಿ ಒಂದು ವಿಷಯ ನನಗೆ ಬಹಳ ಇಷ್ಟ. ಕಾಫಿ ಬಿಸಿ ಇದ್ದಾಗ ತನ್ನ ದೋಷ ಮುಚ್ಚಿಟ್ಟುಕೊಳ್ಳುತ್ತದೆ, ಆರುತ್ತಾ ಆರುತ್ತಾ ಬಿಟ್ಟುಕೊಡುತ್ತದೆ. ಅದಕ್ಕೇ ಕಪ್ಪಿಂಗ್‌ನಲ್ಲಿ ಬಟ್ಟಲು ಪೂರ್ತಿ ಆರುವ ತನಕ ಮತ್ತೆ ಮತ್ತೆ ಬಂದು ನೋಡುತ್ತಾರೆ. ಬಿಯರ್ ತಣ್ಣಗಿದ್ದಾಗ ಮುಚ್ಚಿಟ್ಟುಕೊಳ್ಳುತ್ತದೆ, ಬೆಚ್ಚಗಾಗುತ್ತಾ ಬಿಟ್ಟುಕೊಡುತ್ತದೆ. ಐಸ್ ಹಾಗೆ ತಣ್ಣಗಿನ ಬಿಯರನ್ನು ಹೊಗಳಿದರೆ ಆ ಹೊಗಳಿಕೆ ಫ್ರಿಜ್ಜಿಗೆ ಹೋಗುತ್ತದೆ. ಗ್ಲಾಸಿನ ಕೊನೆಯ ಎರಡು ಗುಟುಕು ನಿಜ ಹೇಳುತ್ತವೆ.

ಇನ್ನು ಕಹಿ. ನಾನು ಇಷ್ಟೆಲ್ಲ ಬರೆಯಲು ಕೂತದ್ದು ಇದಕ್ಕೇ. ಬಹಳ ಜನ ಐಬಿಯು ಎಷ್ಟು ಅಂತ ನೋಡಿ ಕಹಿ ಅಳೆಯುತ್ತಾರೆ. ಆ ಅಂಕಿ ಸುಳ್ಳಲ್ಲ, ಆದರೆ ಅದರಿಂದ ನಾಲಿಗೆಗೆ ಏನಾಗುತ್ತದೆ ಅನ್ನೋದು ಗೊತ್ತಾಗುವುದಿಲ್ಲ. ಮಾಲ್ಟ್ ಗಟ್ಟಿ ಇದ್ದರೆ 40 ಮೆತ್ತಗೆ, ಮಾಲ್ಟ್ ತೆಳ್ಳಗಿದ್ದರೆ 30 ಒರಟು. ನಾನು ನೋಡುವುದು ಕಹಿ ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಹೇಗೆ ಹೊರಡುತ್ತದೆ ಅನ್ನೋದನ್ನು. ಒಳ್ಳೇ ಕಹಿ ಒಳ್ಳೇ ನೆಂಟರ ಹಾಗೆ, ಬಂದದ್ದೂ ಗೊತ್ತಾಗಬೇಕು, ಹೊರಟದ್ದೂ ಗೊತ್ತಾಗಬೇಕು. ಅದಕ್ಕೇ ಬಿಯರ್ ನೋಡುವವರು ನುಂಗುತ್ತಾರೆ. ಕಾಫಿಯನ್ನು ಉಗುಳಬಹುದು, ಮಾವ ಇಡೀ ಜೀವನ ಉಗುಳಿದವರು. ಬಿಯರಿನ ಕಹಿ ಗಂಟಲಿನ ಬಾಗಿಲಲ್ಲಿ ಕೂತು ಮಾತಾಡುವುದು, ನುಂಗದೆ ಅದನ್ನು ಕೇಳಲಾಗುವುದಿಲ್ಲ. ಜಾಸ್ತಿ ಬೇಡ, ಒಬ್ಬರಿಗೆ 60ರಿಂದ 90 ಮಿಲಿ ಸಾಕು.

ಫ್ರಿಜ್ಜಿನ ಕ್ಯಾನಿನಲ್ಲಿ ಕಹಿ ಎರಡನೇ ಹಂತಕ್ಕೆ ಬಂತು. ಮೊದಲು ಹಣ್ಣಿನ ತಿರುಳಿನ ರುಚಿ, ಸ್ವಲ್ಪ ಸಿಹಿ, ಆಮೇಲೆ ನಾಲಿಗೆಯ ಅಂಚಿನಿಂದ ಒಳಗೆ ಕಹಿ ಹರಡಿತು. ಕೈಪುಳಿಯ ತೊಳೆ ಸುಲಿದು ಅದರ ಬಿಳಿ ನಾರು ಕಚ್ಚಿದಾಗ ಬರುವ ಕಹಿಯೇ. ನುಂಗಿದ ಮೇಲೆ ಒಂದೆರಡು ಉಸಿರಿನ ಹೊತ್ತು ಇತ್ತು, ಹೋಯಿತು, ಬಾಯಿ ಒಣಗಿ ಇನ್ನೊಂದು ಗುಟುಕು ಬೇಕು ಅನ್ನಿಸಿತು. ಮಾವ ಕಣ್ಣು ಮುಚ್ಚಿ ಕೂತಿದ್ದರು. "ಕಹಿ ಚೊಕ್ಕ ಉಂಟು. ಹಣ್ಣು ಕಾಫಿಯದ್ದೇ ಕಹಿ, ಕಾಯಿದಲ್ಲ" ಅಂದರು. ಕಾಯಿ ಕೊಯ್ದ ಕಾಫಿ ಕಹಿಗಿಂತ ಜಾಸ್ತಿ ಒಗರು, ನಾಲಿಗೆ ಒರಟಾಗುತ್ತದೆ. ಹಾಪ್ಸ್ ಅತಿಯಾಗಿ ಸುರಿದ ಬಿಯರ್‌ಗಳಲ್ಲೂ ಅದೇ ಒಗರು, ಗಂಟಲು ಕೆರೆದ ಹಾಗೆ. ಈಗ ಬರುತ್ತಿರುವ ಎಷ್ಟೋ ಕ್ಯಾನ್‌ಗಳಲ್ಲಿ ಅದನ್ನೇ ಹಾಪ್ಸಿನ ಶಕ್ತಿ ಅಂತ ಹೆಮ್ಮೆಯಿಂದ ಮಾರುತ್ತಾರೆ. ನನ್ನ ಪ್ರಕಾರ ಅದು ಕೈ ತಪ್ಪಿದ್ದು. ಕಹಿ ಬೇರೆ, ಒಗರು ಬೇರೆ, ಪೇಲ್ ಏಲ್ ತೂಗುವಾಗ ಎರಡನ್ನೂ ಒಂದೇ ತಟ್ಟೆಗೆ ಹಾಕಬಾರದು.

ಶಟರ್ ಪಕ್ಕದ ಕ್ಯಾನಿನಲ್ಲಿ ಕಹಿ ಅಷ್ಟೇ ಇತ್ತು, ಅದರ ಸುತ್ತ ಏನೂ ಉಳಿದಿರಲಿಲ್ಲ. ಚಕ್ಕೋತ ಹೋಗಿ ಹಳೇ ಮಾರ್ಮಲೇಡ್, ಮಾಲ್ಟ್ ಹೋಗಿ ರಟ್ಟು. ಒಬ್ಬಂಟಿ ಕಹಿ ನಾಲಿಗೆಯ ಹಿಂದೆ ಎಳೆದುಕೊಂಡು ಕೂತಿತು, ರೊಟ್ಟಿ ತಿಂದರೂ ಹೋಗಲಿಲ್ಲ. ಹಿರಿಯರು "ಕಷಾಯ" ಅಂತ ಪಕ್ಕಕ್ಕಿಡುವುದು ಬಹುಶಃ ಇಂಥ ಕ್ಯಾನ್‌ಗಳನ್ನೇ. ಅವರ ನಾಲಿಗೆಯಲ್ಲಿ ತಪ್ಪಿಲ್ಲ. ಅವರಿಗೆ ಸಿಕ್ಕಿದ್ದು ಹಾಳಾದ ಬಿಯರ್.

ಊಟದ ಜೊತೆಗೂ ನೋಡಿದೆವು. ಹಂದಿ ಕರಿಗೆ ಈ ಬಿಯರ್ ಹೊಂದುವುದಿಲ್ಲ ಅಂತ ನನ್ನ ತೀರ್ಮಾನ, ಮನೆಯಲ್ಲಿ ಎಲ್ಲರೂ ಒಪ್ಪಲಿಲ್ಲ. ಕಾಚಂಪುಳಿಯ ಹುಳಿ ತಾಗಿದ ತಕ್ಷಣ ಹಾಪ್ಸಿನ ಕಹಿ ಚೂಪಾಗುತ್ತದೆ, ಮೆಣಸಿನ ಖಾರ ಗ್ಯಾಸಿನಿಂದ ಇನ್ನೂ ಏರುತ್ತದೆ. ಕೊಬ್ಬು ತುಟಿಗೆ ಹತ್ತಿದರೆ ನೊರೆಯೂ ಕುಸಿಯುತ್ತದೆ. ಕಣಿಲೆ ಪಲ್ಯದ ಜೊತೆ ಚೆನ್ನಾಗಿತ್ತು. ಅಣಬೆ ಹುರಿದದ್ದು ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು, ಅದರ ಕಾಲ ಮುಗಿದಿತ್ತು.

ಕೊನೆಗೆ ಅಂಕ. 1985ರಲ್ಲಿ ಅಮೆರಿಕದಲ್ಲಿ ಶುರುವಾದ ಬಿಜೆಸಿಪಿ ಅನ್ನುವ ಬಿಯರ್ ಜಡ್ಜ್‌ಗಳ ಸಂಸ್ಥೆಯ ಹಾಳೆಯಲ್ಲಿ ಒಟ್ಟು 50. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಹಿತಕ್ಕೆ 5, ಒಟ್ಟಾರೆಗೆ 10. ನೋಟಕ್ಕೆ ಬರೀ ಮೂರು ಇಟ್ಟದ್ದು ನನಗೆ ಬಹಳ ಸರಿ ಅನ್ನಿಸುತ್ತದೆ. ಅಮೆರಿಕನ್ ಪೇಲ್ ಏಲ್‌ಗೆ ಅವರು ಹಾಕಿರುವ ಗೆರೆ 30ರಿಂದ 50 ಐಬಿಯು, ಶೇ 4.5ರಿಂದ 6.2 ಆಲ್ಕೋಹಾಲ್. ಹಾಪ್ಸ್ ಮುಂದೆ ಇರಲಿ, ಆದರೆ ಅದನ್ನು ಹೊರುವಷ್ಟು ಮಾಲ್ಟ್ ಇರಬೇಕು.

ಶಟರ್ ಪಕ್ಕದ ಕ್ಯಾನಿಗೆ ವಾಸನೆ 5, ನೋಟ 3, ರುಚಿ 9, ಬಾಯಿಹಿತ 3, ಒಟ್ಟಾರೆ 4, ಕೂಡಿದರೆ 24. ಫ್ರಿಜ್ಜಿನ ಕ್ಯಾನಿಗೆ ವಾಸನೆ 9, ನೋಟ 3, ರುಚಿ 14, ಬಾಯಿಹಿತ 4, ಒಟ್ಟಾರೆ 7, ಕೂಡಿದರೆ 37. ಅದೇ ಬ್ಯಾಚ್, ಅದೇ ತಾರೀಖು. ಮಧ್ಯದ 13 ಅಂಕ ಶಾಖ ತಿಂದದ್ದು. ಹಾಗಾಗಿ ತಾರೀಖು ನೋಡಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಲೇಬೇಕು, ಇದನ್ನು ಎಲ್ಲಿ ಇಟ್ಟಿದ್ದಿರಿ ಅಂತ.

ಆ ಹಾಳೆಯ ಲೆಕ್ಕದಲ್ಲಿ 38ರಿಂದ ಅತ್ಯುತ್ತಮ ದರ್ಜೆ ಶುರು. ಮಾವ ಒಂದು ಅಂಕ ಜಾಸ್ತಿ ಕೊಡು ಅಂತ ವಾದಕ್ಕೆ ಕೂತರು. ಅಷ್ಟು ಚೊಕ್ಕ ಕಹಿಗೆ 14 ಕಡಿಮೆ ಆಯಿತು ಅನ್ನುವುದು ಅವರ ಮಾತು. ನಾನು ಕೊಡಲಿಲ್ಲ. ಕೊನೆಯ ಎರಡು ಗುಟುಕು ಬೆಚ್ಚಗಾದಾಗ ಹಣ್ಣು ಹಿಂದೆ ಸರಿದು ಮಾಲ್ಟ್ ಮುಂದೆ ಬರಬೇಕಿತ್ತು, ಬರಲಿಲ್ಲ, ನಡುವೆ ನೀರು ನೀರು ಅನ್ನಿಸಿತು. ಬ್ರೂವರಿಯವರು ಒಂದು ಹಿಡಿ ಮಾಲ್ಟ್ ಜಾಸ್ತಿ ಹಾಕಿದ ದಿನ ಆ ಅಂಕ ಕೊಡುತ್ತೇನೆ ಅಂದೆ. ಹುತ್ತರಿಗೆ ಹೊಸ ಬ್ಯಾಚ್ ತರಲು ತಮ್ಮನಿಗೆ ಹೇಳಿದ್ದೇವೆ, ತರುವಾಗ ಐಸ್ ಕರಗದ ಹಾಗೆ ನೋಡಿಕೊಳ್ಳಲೂ ಹೇಳಿದ್ದೇವೆ.